ಟೊಮೇಟೊ ಗಡಿಯಾರ

ಅಕ್ಕನ ಮಗ ಪಾರ್ಸೆಲಿನಲ್ಲಿ ಕಳಿಸಿದ್ದಾನೆ
ಟೊಮೇಟೊ ಆಕಾರದ ಗಡಿಯಾರ.
ತಿರುಪಿಟ್ಟರೆ ಇಪ್ಪತ್ತೈದು ನಿಮಿಷ ಟಿಕ್ಕೆನ್ನುತ್ತದೆ,
ಆಮೇಲೆ ಕಿರುಚುತ್ತದೆ.
ಅಷ್ಟು ಹೊತ್ತು ಕೆಲಸ, ಐದು ನಿಮಿಷ ಬಿಡುವು,
ಮತ್ತೆ ತಿರುಪು.
ಶಿಡ್ಲಘಟ್ಟದವಳಿಗೆ ಟೊಮೇಟೊ ಕಳಿಸಿದ್ದಾನಲ್ಲ, ಪುಣ್ಯಾತ್ಮ!
ಕಿಟಕಿ ತೆಗೆದರೆ ಚಿಂತಾಮಣಿ ಮಂಡಿಗೆ
ಕ್ರೇಟುಗಟ್ಟಲೆ ಹೋಗುತ್ತವೆ,
ಒಂದೂ ಹೀಗೆ ಕಿರುಚಿದ್ದಿಲ್ಲ.

ಇದಕ್ಕೆ ಮುಂಚೆ ಮಾಡಿದ್ದೇನು ಕಮ್ಮಿಯೇ?
ನಾಲ್ಕೂವರೆಗೆ ಎದ್ದೆ, ಇಪ್ಪತ್ತೊಂದು ದಿನ.
(ಹನ್ನೊಂದು, ಸತ್ಯ ಹೇಳುವುದಾದರೆ.)
ಆ ಹೊತ್ತಿಗೆ ಸರಸ್ವತಿ ಎದ್ದಿರುತ್ತಾಳಂತೆ.
ಇರಬಹುದು. ನಮ್ಮ ಬೀದಿಗೆ ಬಂದಿದ್ದು
ಹಾಲಿನ ಗಂಗುಲಪ್ಪ ಮತ್ತು ನಲ್ಲಿ ನೀರು.
ಡ್ರಮ್ಮು ತುಂಬಿಸಿ ಬರುವಷ್ಟರಲ್ಲಿ
ಕುಂಚದ ತುದಿ ಒಣಗಿ ಸೂಜಿಯಾಗಿತ್ತು.

ಡೈರಿಯಲ್ಲಿ ಗೆರೆ ಹೊಡೆದು ದಿನವನ್ನು ಹೋಳು ಮಾಡಿದೆ:
ಚಿತ್ರಕ್ಕೆ ಹಸಿರು, ಅಡಿಗೆಗೆ ಕೆಂಪು,
ಪ್ರಕಾಶಕರ ಫೋನಿಗೆ ಕಡುನೀಲಿ.
ಡೈರಿ ಬಲು ಚೆಂದ ಬಂತು.
ಆ ಎರಡು ತಿಂಗಳಲ್ಲಿ ನಾನು ಮುಗಿಸಿದ ಚಿತ್ರ
ಅದೊಂದೇ.

ಮಕ್ಕಳ ಪುಸ್ತಕ, ಹದಿನಾರು ಪುಟ.
ಕೊಂಬೆ ಬಂದಿದೆ, ಕಾಗೆ ಬಂದಿದೆ,
ಕಾಗೆ ಕದ್ದ ಚಮಚವೂ ಬಂದಿದೆ,
ಕಣ್ಣು ಮಾತ್ರ ಬಂದಿಲ್ಲ.
ಹಾಕಿದರೆ ಕೋಳಿಯಾಗುತ್ತದೆ,
ಅಳಿಸಿದರೆ ಕುರುಡಾಗುತ್ತದೆ,
ಟೊಮೇಟೊ ಕಿರುಚುತ್ತದೆ.

ನನ್ನ ಕೋಣೆಯ ಕೆಳಗೆ ಮೆಹಮೂದಾಬಿಯವರ
ಆರು ಬೇಸಿನ್ನಿನ ನೂಲು ಬಿಚ್ಚಾಣಿಕೆ.
ಬೇಯುವ ಗೂಡಿನ ವಾಸನೆ ಮೆಟ್ಟಿಲು ಹತ್ತಿ ಬಂದು
ಬಿಳಿ ಹಾಳೆಯ ಮೇಲೆ ಕೂರುತ್ತದೆ.
ಮೊದಮೊದಲು ಮೂಗು ಮುಚ್ಚುತ್ತಿದ್ದೆ,
ಈಗ ಅದು ಬರದ ದಿನ
ಏನೋ ಮರೆತ ಹಾಗೆ.

ಮೊನ್ನೆ ಬಾಡಿಗೆ ಕೊಡಲು ಇಳಿದವಳು ನಿಂತೇಬಿಟ್ಟೆ.
ಬಿಸಿನೀರಲ್ಲಿ ಗೂಡುಗಳು ಮಿಸುಕುತ್ತಿದ್ದವು.
ಪುಟ್ಟ ಪೊರಕೆಯಲ್ಲಿ ಅವರು ಸುಮ್ಮನೆ ಸವರುತ್ತಿದ್ದರು,
ನಿದ್ದೆಗಣ್ಣಿನ ಮಗುವಿನ ತಲೆ ಸವರಿದಂತೆ.
ಒರಟು ನಾರು ಗೋಜಲಾಗಿ ಸುತ್ತಿಕೊಂಡಿತು,
ಎಳೆದರು, ಪಕ್ಕಕ್ಕಿಟ್ಟರು. ಮತ್ತೆ ಎಳೆದರು.
‘ಇಷ್ಟೂ ದಂಡವಾ?’ ಅಂದೆ.
‘ಏನಮ್ಮಣ್ಣೀ, ತುದಿ ಮೇಲೇ ಇರ್ತದಾ?
ಈ ಕಚಡಾ ಹೋಗ್ಬೇಕು, ಆಗ ಅಸಲಿ ಎಳೆ ಸಿಗ್ತದೆ.
ಸಿಕ್ಕಿದ್ಮೇಲೆ ಅರ್ಧ ಮೈಲಿ ನಿಲ್ಲೋದೇ ಇಲ್ಲ.’
‘ಎಷ್ಟು ನಿಮಿಷ ಸವರಬೇಕು?’
ನಕ್ಕರು. ‘ಮೋಡ ಇದ್ರೆ ಒಂದು ಥರ, ಬಿಸಿಲಿದ್ರೆ ಒಂದು ಥರ.
ಜಾಸ್ತಿ ಬೆಂದ್ರೆ ಕಡೀತದೆ, ಕಮ್ಮಿ ಬೆಂದ್ರೆ ಬಿಚ್ಚಲ್ಲ.
ಕೈ ಹೇಳ್ತದೆ, ಕೇಳಿ.’
ಆ ಗೋಜಲಿಗೂ ಗಿರಾಕಿ ಇದ್ದಾರಂತೆ, ಕೆಜಿ ಲೆಕ್ಕ.

ಈಗ ಕೆಳಗೆ ಒಲೆ ಹತ್ತಿದ ವಾಸನೆ ಬಂದರೆ ನಾನೂ ಕೂರುತ್ತೇನೆ.
ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಗೀಚುತ್ತೇನೆ:
ಎಡಗೈಯಲ್ಲಿ ಚಪ್ಪಲಿ, ಎದುರುಮನೆ ಆಂಟೆನಾ,
ಗಂಗುಲಪ್ಪನ ಮೂಗು, ಮತ್ತೆ ಮೂಗು.
ಒಂದು ಗಂಟೆ, ಕೆಲವೊಮ್ಮೆ ಮೂರು.
ಒಮ್ಮೊಮ್ಮೆ ಸಂಜೆಯವರೆಗೂ ಬರೀ ಕಚಡಾ,
ಒಟ್ಟುಗೂಡಿಸಿ ಗೋಣಿಯಲ್ಲಿ ತುಂಬಿಡುತ್ತೇನೆ.
ಮಿಕ್ಕ ದಿನ, ಯಾವಾಗಲೋ, ಗೆರೆ ಸಲೀಸಾಗಿ ಓಡತೊಡಗುತ್ತದೆ,
ನಾನು ಉಸಿರು ಸಣ್ಣಗೆ ಮಾಡಿಕೊಂಡು
ಹಿಂದೆ ಹೋಗುತ್ತೇನೆ.

ಶುಕ್ರವಾರ ಕೆಳಗೆ ರಜಾ.
ಆದ್ದರಿಂದ ನನಗೂ.

ಕಾಗೆಯ ಕಣ್ಣು ಬಂದದ್ದು ಒಂದು ಶುಕ್ರವಾರವೇ ಅನ್ನಿ,
ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದಾಗ,
ಒದ್ದೆ ಬೆರಳಲ್ಲಿ, ವಿದ್ಯುತ್ ಬಿಲ್ಲಿನ ಅಂಚಿಗೆ:
ಒಂದು ಚುಕ್ಕೆ, ಸ್ವಲ್ಪ ವಾರೆ.
ಯಾವ ವೇಳಾಪಟ್ಟಿಗೂ ಇದನ್ನು ಸೇರಿಸಲಾರೆ.

ಗಡಿಯಾರವನ್ನು ಮೆಹಮೂದಾಬಿಯವರ ಮೊಮ್ಮಗನಿಗೆ ಕೊಟ್ಟೆ.
ಈಗ ಈ ಸಾಲು ಬರೆಯುವಾಗ
ಕೆಳಗೆ ಟೊಮೇಟೊ ಕಿರುಚುತ್ತಿದೆ,
ಆರು ಬೇಸಿನ್ನಿನಲ್ಲಿ ಒಬ್ಬರೂ
ಎಳೆ ಬಿಟ್ಟು ಎದ್ದಿಲ್ಲ.