ಮೂರನೆಯವರು

ಬೈತಕೋಲದ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ
ಮೀನಿನ ಲೆಕ್ಕ ಬರೆಯುವ ಕೆಲಸ ನನ್ನದು.
ಕೆಳಗೆ ಐಸು ಪುಡಿಯಾಗುವ ಸದ್ದು,
ಮೇಲೆ ನಾನು, ಹಳೆಯದೊಂದು ಲ್ಯಾಪ್‌ಟಾಪು,
ಎರಡು ಸಲ ಒತ್ತಿದರಷ್ಟೇ ಮೂಡುವ ಎಫ್ ಅಕ್ಷರ.

ಕಾಳಿಯ ಹಳೆ ಸೇತುವೆ ನಡುರಾತ್ರಿ ನೀರಿಗೆ ಕುಸಿದ ವರ್ಷ
ಪೈಥಾನ್ ಕಲಿತೆ.
"ಹೆಬ್ಬಾವು ಸಾಕಿದ್ದೀಯಂತೆ, ಏನು ತಿನ್ನುತ್ತದೆ?"
ಬುಟ್ಟಿ ಇಳಿಸುತ್ತ ಕೇಳಿದಳು ಶೇವಂತಿ ಮಾವಶಿ.
ಲೆಕ್ಕ ತಿನ್ನುತ್ತದೆ ಅಂದೆ,
ತಪ್ಪಿದ್ದರೆ ಉಗುಳುತ್ತದೆ, ಸಾಲಿನ ಸಂಖ್ಯೆ ಸಮೇತ.

ಮೊದಲ ಸಾಲಲ್ಲೇ ಇಂಪೋರ್ಟ್ ಅನ್ನಬೇಕು.
ಬಂದರಿನವರಿಗೆ ಇದೇನು ಹೊಸತೇ?
ಡಾಂಬರಿನ ಹಡಗು ಬಂದು ನಿಂತಾಗ
ಯಾವ ಊರಿನದು, ಯಾರ ಬೆವರು, ಕೇಳಿದವರುಂಟೇ?
ನಾನೂ ಕೇಳಿರಲಿಲ್ಲ.
ಪಿಪ್ ಇನ್‌ಸ್ಟಾಲ್ ಅಂದೆ, ಬಂತು.
ಪುಕ್ಕಟೆ.

ಪೇಟೆಯ ಪುಟದಿಂದ ಶೆಟ್ಲಿಯ ದರ ಹೆಕ್ಕಲು ಬ್ಯೂಟಿಫುಲ್ ಸೂಪ್.
"ಚೆಂದದ ಸಾರು! ಯಾವ ಮೀನಿಂದು?"
ಮುಳ್ಳಿನಿಂದ ಮಾಂಸ ಬಿಡಿಸುವುದು ಮಾವಶಿ, ಅಷ್ಟೇ.
"ಹಾಗಾದರೆ ತಾರ್ಲೆಯೇ ಇರಬೇಕು."

ದೋಣಿ, ತಾರೀಖು, ಕಿಲೋ ಚೌಕಕ್ಕೆ ಕೂರಿಸಲು ಪಾಂಡಾಸ್.
ನಮ್ಮ ಪಾಂಡು ತಾಂಡೇಲನ ಮನೆಯವರ ಹಾಗೆ ಕೇಳಿಸುತ್ತದೆ,
ಅವರ ಹಾಗೇ ದುಡಿಯುತ್ತದೆ, ಅವರ ಹಾಗೇ
ಕೂತಲ್ಲೆಲ್ಲ ಜಾಗ ತುಂಬುತ್ತದೆ.
ಗೆರೆ ಎಳೆಯಲು ಮ್ಯಾಟ್‌ಪ್ಲಾಟ್‌ಲಿಬ್. ಬಂಗಡೆಯ ಗೆರೆ
ದಸರೆಗೆ ಗುಡ್ಡ ಹತ್ತಿ ಸಂಕ್ರಾಂತಿಗೆ ಇಳಿದದ್ದು ನೋಡಿ
ಬಲೆ ಹೊಲಿಯುತ್ತಿದ್ದ ವಿಠೋಬಾ ಹರಿಕಂತ್ರ
"ಇದು ನನ್ನ ಮಂಡಿಗೂ ಗೊತ್ತಿತ್ತು" ಅಂದ.

ಮೂರನೆಯವರ ಲೈಬ್ರರಿ ಅನ್ನುತ್ತಾರೆ ಇವಕ್ಕೆ.
ನಮ್ಮ ಓಣಿಯಲ್ಲಿ ಮೂರನೆಯವರೆಂದರೆ
ಗಂಡಹೆಂಡಿರ ಜಗಳಕ್ಕೆ ಗೋಡೆಗೆ ಕಿವಿ ಕೊಟ್ಟವರು,
ಪಾಲು ಹಂಚುವಾಗ ಕೆಮ್ಮುವವರು.
ಈ ಮೂರನೆಯವರು ಯಾರಪ್ಪ,
ನನ್ನ ಲೆಕ್ಕಕ್ಕೆ ತಮ್ಮ ನಿದ್ದೆ ಕೊಟ್ಟು
ಬಾಗಿಲು ಹಾರುಹೊಡೆದು ಹೋದವರು?

ಆಗಸ್ಟಿನಲ್ಲಿ, ದೋಣಿಗಳು ಮತ್ತೆ ನೀರಿಗಿಳಿದ ವಾರವೇ,
ತಾರೀಖು ಬಿಡಿಸುವ ಪುಟ್ಟದೊಂದು ಲೈಬ್ರರಿ ಕೈಕೊಟ್ಟಿತು.
ಹುಡುಕಿದೆ. ಎರಡು ವರ್ಷದ ಕೆಳಗೆ
ಅದನ್ನು ಬರೆದವಳು ಒಂದು ಚೀಟಿ ಬಿಟ್ಟಿದ್ದಳು:
ಮಗು ಹುಟ್ಟಿದೆ. ಇನ್ನು ನೋಡಿಕೊಳ್ಳಲಾರೆ.
ಬೇಕಾದವರು ಒಯ್ಯಿರಿ.
ಇಷ್ಟು ದಿನ ನನ್ನ ಐಸ್ ಬಿಲ್ಲು ನಿಂತದ್ದು
ಒಬ್ಬ ಬಾಣಂತಿಯ ಹೆಗಲ ಮೇಲೆ.
ಹಳೆ ಆವೃತ್ತಿಗೆ ಹಗ್ಗ ಬಿಗಿದು ಕಟ್ಟಿದೆ, ಆ ದಿನಕ್ಕೆ ಸಾಕಾಯಿತು.

ಆದರೆ ಮೀನಿನ ಹೆಸರಿಗೆ ಲೈಬ್ರರಿ ಇರಲಿಲ್ಲ.
ಬಿಲ್ಲು ಬರೆದವ ಮಲ್ಪೆಯವನಾದರೆ ಅಂಜಲ್,
ಮಾಲವಣದವನಾದರೆ ಸುರಮಯಿ, ನಾನು ಬರೆದರೆ ಇಸೋಣ.
ಪಾಂಡಾಸ್‌ಗೆ ಮೂರೂ ಬೇರೆ ಬೇರೆ ಮೀನು.
ವಿಠೋಬಾ ಹೇಳುತ್ತ ಹೋದ, ಸೂಜಿ ನಿಲ್ಲಿಸದೆ,
ಬರೆಯುತ್ತ ಹೋದೆ ನಾನು, ಎಂಬತ್ತನಾಲ್ಕು ಹೆಸರು.
ಕಟ್ಟಿ ಮೇಲೇರಿಸಿದೆ. 'ನಿಸ್ತೆ' ಎಂದಿಟ್ಟೆ.
ಇಳಿಸಿಕೊಂಡವರು ಹನ್ನೊಂದು ಮಂದಿ,
ಅದರಲ್ಲಿ ಆರು ಸಲ ನಾನೇ.

ಒಂದು ರಾತ್ರಿ ಸಂದೇಶ, ಎಲ್ಲಿಯದೋ,
ಮುಖವಿಲ್ಲದ ಬೂದು ವೃತ್ತದ ಚಿತ್ರ:
ಐವತ್ತೆರಡನೇ ಸಾಲು ನೋಡಿ,
ಆ ಮೀನಿನ ಮರಿಗೆ ನಮ್ಮಲ್ಲಿ ಬೇರೆ ಹೆಸರಿದೆ.
ವಿಠೋಬಾಗೆ ಓದಿ ಹೇಳಿದೆ. ಸೂಜಿ ನಿಂತಿತು.
"ಹೌದಲ್ಲ," ಅಂದ, "ನನ್ನಜ್ಜಿ ಹಾಗೇ ಅನ್ನುತ್ತಿದ್ದಳು.
ಯಾರು ಆತ?"

ಗೊತ್ತಿಲ್ಲ.
ಸಾಲು ತಿದ್ದಿದೆ. ಸೊನ್ನೆ ಸೊನ್ನೆ ಎರಡು.

"ಇಷ್ಟಕ್ಕೆ ಎಷ್ಟು ಕೊಟ್ಟರು?" ಮಾವಶಿ.
ಪುಕ್ಕಟೆ.
ಕ್ಷಣ ನೋಡಿದಳು, ಬುಟ್ಟಿಯಿಂದ ಎರಡು ಬಂಗಡೆ ಎತ್ತಿ
ಕಾಗದವೂ ಇಲ್ಲದೆ ಲ್ಯಾಪ್‌ಟಾಪಿನ ಮಗ್ಗುಲಿಗೇ ಇಟ್ಟಳು.
"ಸಾರು ಮಾಡಿಕೋ. ಚೆಂದದ್ದು."

ಎಫ್ ಅಕ್ಷರದ ಮೇಲೆ ಒಂದು ಹುರುಪೆ ಅಂಟಿದೆ,
ಇನ್ನೂ ತೆಗೆದಿಲ್ಲ.