ಮೊದಲು ಗಾಳಿ

ಬೆಳಗಿನ ಜಾವ ಮೂರಕ್ಕೆ
ಲಿಂಗರಾಜಪುರದ ಅಡ್ಡರಸ್ತೆಯಲ್ಲಿ
ಚಪ್ಪಡಿ ಸರಿಸಿ, ಕಬ್ಬಿಣದ ಉದ್ದ ಕೀಲಿ ಇಳಿಸಿ
ಹದಿನೆಂಟು ಸುತ್ತು ತಿರುಗಿಸುವುದು ನನ್ನ ಕೆಲಸ.
ಜನ ನನ್ನ ಹೆಸರು ಹಿಡಿದು ಕರೆಯುವುದಿಲ್ಲ.
ನೀರು ಬಿಡೋನು ಅನ್ನುತ್ತಾರೆ,
ನೀರು ಬಾರದ ದಿನ ಬೇರೆ ಏನೇನೋ.

ತೊರೆಕಾಡನಹಳ್ಳಿಯಿಂದ ಏರುತ್ತ ಬರುತ್ತಾಳೆ ಕಾವೇರಿ,
ತುಂಬು ಬಸುರಿ ಮೆಟ್ಟಿಲು ಹತ್ತಿದ ಹಾಗೆ
ಅಲ್ಲಲ್ಲಿ ನಿಂತು ಉಸಿರು ಎಳೆದುಕೊಂಡು.
ಆ ಬೇಸಿಗೆ ವಾರಕ್ಕೆ ಎರಡೇ ಸಲ.
ಕೀಲಿ ನನ್ನ ಕೈಯಲ್ಲಿತ್ತು, ಅಷ್ಟೆ.

ಅದೇ ಬೇಸಿಗೆಯಲ್ಲಿ ಯೆಮೀಮಳ ದೀಕ್ಷಾಸ್ನಾನ.

ಹಿಂದಿನ ರಾತ್ರಿ ಭಾವಮೈದ ಸೈಲಸ್ ಬಂದಿದ್ದ.
ಅವನ ಸಭೆ ಹೆಣ್ಣೂರಿನ ಕಡೆ, ಅಲ್ಲಿ ದೊಡ್ಡವರನ್ನು ಮಾತ್ರ
ಎದೆಮಟ್ಟದ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ.
ಮುದ್ದೆ ಮುರಿಯುತ್ತ ಕೇಳಿದ:
"ನಂಬಿದೀನಿ ಅಂತ ತಾನೇ ಬಾಯಿಬಿಟ್ಟು ಹೇಳಬೇಕು ಭಾವ.
ಮೂರು ತಿಂಗಳ ಕೂಸಿಗೆ ಏನು ಗೊತ್ತು?"
ನನಗೆ ಉತ್ತರ ಹೊಳೆಯಲಿಲ್ಲ.
ಪ್ರಫುಲ್ಲ ಮಗುವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡು
"ಅಮ್ಮ ಹಾಲು ಕೊಡೋಕೆ ಮುಂಚೆ
ನಿನ್ನ ಹತ್ರ ಅರ್ಜಿ ಬರೆಸಿಕೊಂಡಿದ್ದಳಾ?" ಅಂದಳು.
ಅವನು ನಕ್ಕ. ಒಪ್ಪಲಿಲ್ಲ.
ಬೆಳಿಗ್ಗೆ ಬಂದು ಎರಡನೇ ಸಾಲಿನಲ್ಲಿ ಕೂತ.

ದೇವಾಲಯದ ಸಂಪಿನಲ್ಲಿ ತಳ ಕಾಣುತ್ತಿತ್ತು.
ಟ್ಯಾಂಕರಿನವನು ಫೋನೆತ್ತಲಿಲ್ಲ.
ಬೀದಿಗೆಲ್ಲ ನೀರು ಬಿಡುವವನ ಮಗಳಿಗೆ
ಒಂದು ಬೋಗುಣಿ ನೀರಿಲ್ಲ!
ಹುಡುಗರು ನಕ್ಕರು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು.
ಆಚೆ ಗೇಟಿನ ಮುನಿತಾಯಮ್ಮ
ಸೆರಗು ಮುಚ್ಚಿದ ಚೊಂಬು ಹಿಡಿದು ಬಂದಳು.
"ಮಗು ತಲೆಗೆ ತಾನೆ, ತಗೋ.
ಮೊನ್ನೆ ನೀನೇ ಬಿಟ್ಟಿದ್ದು."

ಅಯ್ಯನವರು ಕೇಳಿದರು:
ಈ ಮಗುವನ್ನು ದೇವರ ಮೇಲೆ ಭರವಸೆಯಿಡುವಂತೆ ಬೆಳೆಸುತ್ತೀರಾ?
ದೇವರ ಸಹಾಯದಿಂದ, ಅನ್ನಬೇಕಿತ್ತು.
ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಇತ್ತು.
ನನಗೋ ಅಪ್ಪ ನೆನಪಾದ,
ಮಿಲ್ಲು ಮುಚ್ಚಿದ ವರ್ಷದ ಅಪ್ಪ,
ತಳ ಹತ್ತಿದ ಅನ್ನದ ಮುಂದೆ ಕಣ್ಣು ಮುಚ್ಚಿ
ಕೊಟ್ಟಿದ್ದಕ್ಕೆ ಸ್ತೋತ್ರ ಹೇಳಿ
"ನಾನು ಗೆಳೆಯನ ಮನೇಲಿ ಉಂಡು ಬಂದೆ" ಎಂದು
ತಟ್ಟೆಯನ್ನು ನನ್ನ ಕಡೆ ತಳ್ಳಿದ್ದು.
ಸುಳ್ಳೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.
ಅಷ್ಟು ಹೊತ್ತಿಗೆ ನಂಬಿಯಾಗಿತ್ತು,
ಅಪ್ಪನನ್ನೋ, ಅಪ್ಪ ಸ್ತೋತ್ರ ಹೇಳಿದವನನ್ನೋ,
ಇವತ್ತಿಗೂ ಬಿಡಿಸಿ ಹೇಳಲಾರೆ.

ಪ್ರಫುಲ್ಲ ಮೊಣಕೈಯಿಂದ ತಿವಿದಳು.
"ಬೆಳೆಸುತ್ತೇವೆ" ಅಂದೆ, ಸ್ವಲ್ಪ ಜೋರಾಗೇ.

ತಂದೆಯ ಹೆಸರಿಗೆ ಯೆಮೀಮ ಕಣ್ಣರಳಿಸಿದಳು.
ಮಗನ ಹೆಸರಿಗೆ ತುಟಿ ಸೊಟ್ಟ ಮಾಡಿದಳು.
ಪವಿತ್ರಾತ್ಮನ ಹೆಸರಿಗೆ
ಇಡೀ ಸಭೆ ಬೆಚ್ಚುವಂತೆ ಕಿರುಚಿ
ಅಯ್ಯನವರ ಕನ್ನಡಕದ ದಾರ ಹಿಡಿದುಕೊಂಡಳು.
ಬಿಡಿಸಿದಷ್ಟೂ ಬಿಗಿ.
ಸೈಲಸ್ ಎದ್ದು ಬಂದ.
ಮಡಿಸಿಟ್ಟ ಕರವಸ್ತ್ರ ತೆಗೆದು
ಅವಳ ಹಣೆಯಿಂದ ಕಿವಿಗೆ ಇಳಿಯುತ್ತಿದ್ದ ನೀರನ್ನು
ಒತ್ತಿ ಒತ್ತಿ ಒರೆಸಿದ. ಏನೂ ಹೇಳಲಿಲ್ಲ.

ಮಂಗಳವಾರ ಮತ್ತೆ ಮೂರು ಗಂಟೆ.
ಮನೆಯಲ್ಲಿ ಅವಳು ಬಾಯಿ ತೆರೆದು ಮಲಗಿದ್ದಳು.
ಬೀದಿಯಲ್ಲಿ ಒಬ್ಬರೂ ಎದ್ದಿಲ್ಲ,
ರಾತ್ರಿಯೇ ಇಟ್ಟುಹೋದ ಬಿಂದಿಗೆಗಳು,
ಹಸಿರು, ಕೆಂಪು, ಕಿವಿ ಮುರಿದದ್ದೊಂದು,
ನಲ್ಲಿಗಳ ಕೆಳಗೆ ಮೇಲೆ ನೋಡುತ್ತ.
ಬಂದೇ ಬರುತ್ತದೆಂದು ಅವಕ್ಕೆ ಹೇಳಿದವರು ಯಾರು?
ನಾನಂತೂ ಅಲ್ಲ. ನನಗೇ ಗೊತ್ತಿರಲಿಲ್ಲ.

ಹದಿನಾರು. ಹದಿನೇಳು.
ಕೈ ನಿಲ್ಲಿಸಿ ಕಿವಿಗೊಟ್ಟೆ.
ನೀರಿಗಿಂತ ಮೊದಲು ಯಾವಾಗಲೂ ಗಾಳಿ ಬರುತ್ತದೆ,
ಒಣಗಿದ ಕೊಳವೆಯ ಉದ್ದಕ್ಕೂ,
ನಿದ್ದೆಯಲ್ಲಿ ಮಗು ಉಸಿರು ಬಿಟ್ಟ ಹಾಗೆ.