ಏಳನೆಯ ಕಿಂಡಿ

ಸ್ವರ್ಣೆಯ ಅಣೆಕಟ್ಟಿನ ಏಳನೆಯ ಕಿಂಡಿಗೆ ಹಲಗೆ ಇಳಿಸುವಾಗ
ನೆನೆದ ಹಲಗೆ ಕೈಜಾರಿ ಇವರ ಕೆನ್ನೆಗೆ ಬಡಿಯಿತು.
ಊತ ಇಳಿಯಿತು. ಕಿಂಡಿ ಹಾಗೇ ಉಳಿಯಿತು.
'ನಾಳೆ ಮುಚ್ಚಿದರಾಯ್ತು' ಅಂದರು, ಎಲ್ಲರೂ ಅನ್ನುವ ಹಾಗೆ.

ಮೂರನೆಯ ವಾರ ನಡುರಾತ್ರಿ ಎದ್ದು ಕೂತು
'ಫೆಲಿಕ್ಸನ ಪಂಪು ಯಾರು ಹಾಕಿ ಬಿಟ್ಟದ್ದು?' ಅಂದರು.
ಟಾರ್ಚು ಹಿಡಿದು ಹೋಗಿ ಮುಟ್ಟಿ ಬಂದರು.
ಪಂಪು ತಣ್ಣಗಿತ್ತು.
'ಹಾಗಾದರೆ ನನ್ನೊಳಗೆ.'
ನಾನು ನಗಾಡಿದೆ,
ಮತ್ತೆ ಅವರ ಕಣತಲೆಗೆ ಕಿವಿ ಇಟ್ಟೆ.
ಸುಯ್ಯ್, ಸುಯ್ಯ್, ಸುಯ್ಯ್:
ಭರತದ ಹೊತ್ತು ಕಿಂಡಿಯಲ್ಲಿ ನುಗ್ಗುವ ನೀರಿನದೇ ಸದ್ದು,
ಎದೆಬಡಿತಕ್ಕೆ ಸರಿಯಾಗಿ.

ಕಣ್ಣು ಕೆಂಪಾಗಿ ಹೊರಗೆ ದೂಡಿಕೊಂಡು ಬಂತು.
ಮೆಡಿಕಲಿನವ ಹನಿಮದ್ದು ಕೊಟ್ಟ, ಹದಿನೈದು ದಿನ.
ಅತ್ತಿಗೆ ದೃಷ್ಟಿ ತೆಗೆದಳು.
ಮಣಿಪಾಲದಲ್ಲಿ ಸಣ್ಣ ಪ್ರಾಯದ ಡಾಕ್ಟರೊಬ್ಬಳು
ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪು ಇಟ್ಟಳು.
ಕಣ್ಣಿಗೂ ಎದೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಿಲ್ಲಿನ ಹಿಂಬದಿಗೆ ಕೆಂಪು ಗೆರೆ ಎಳೆದಳು, ನೀಲಿ ಗೆರೆ ಎಳೆದಳು,
ನಡುವೆ ಒಂದು ಬಿರುಕು.
ಅಪಧಮನಿ, ಅಭಿಧಮನಿ:
ಎರಡು ಹೆಸರೂ ನನ್ನ ಕಿವಿಯಲ್ಲಿ ಕೂಡಿಹೋದವು.
ಇವರಿಗೆ ಮಾತ್ರ ಕೂಡಲೇ ಅರ್ಥವಾಯಿತು.
'ಉಪ್ಪುನೀರು ಸಿಹಿನೀರಿಗೆ ನುಗ್ಗಿದೆ. ಅಷ್ಟೇ ತಾನೆ?'

'ಒಳಗೊಂದು ಜಾಲರಿ ಇಡುತ್ತೇವೆ' ಅಂದರು ದೊಡ್ಡ ಡಾಕ್ಟರು.
'ಜಾಲರಿ ಸೋರುವುದಿಲ್ಲವಾ?'
'ಇದಕ್ಕೆ ಹೊದಿಕೆ ಇದೆ.'
ಇವರು ತಲೆಯಾಡಿಸಿದರು. ಎರಡು ಸಾಲು ಹಲಗೆ,
ನಡುವೆ ಮೆಟ್ಟಿ ಮೆಟ್ಟಿ ತುಂಬಿದ ಆವೆಮಣ್ಣು.
'ಬಿರುಕು ಮುಚ್ಚಲಿ. ಹೊಳೆ ನಿಲ್ಲಬಾರದು.'
ಡಾಕ್ಟರು ಮೊದಲ ಸಲ ಇವರನ್ನು ನೋಡಿದರು, ಕಣ್ಣನ್ನಲ್ಲ.

ಕಾಗದದಲ್ಲಿ ಬರೆದಿತ್ತು: ಪಾರ್ಶ್ವವಾಯು ಆಗಬಹುದು,
ದೃಷ್ಟಿ ಹೋಗಬಹುದು, ಇನ್ನೂ ಒಂದು.
ಮೂರನೆಯದನ್ನು ಓದದೆ ಸಹಿ ಹಾಕಿದೆ.
ದೇಜು ಪೂಜಾರಿ, ಐವತ್ತೊಂಬತ್ತು: ಫೈಲು
ಚಕ್ರದ ಮಂಚದಲ್ಲಿ ಅವರ ಕಾಲಬುಡದಲ್ಲೇ ಹೋಯಿತು.
ತೊಡೆಸಂದಿಯಿಂದ ಹೊರಟು, ಎದೆ ದಾಟಿ, ಕುತ್ತಿಗೆ ಹತ್ತಿ,
ಬುರುಡೆಯ ಬುಡದ ಆ ಕಡಿದಾದ ತಿರುವಿನಲ್ಲಿ
ತಂತಿ ಎರಡು ಸಲ ನಿಂತಿತಂತೆ.
ಆಗ ನಾನು ಕ್ಯಾಂಟೀನಿನಲ್ಲಿ ಬನ್ಸು ತಿನ್ನುತ್ತಿದ್ದೆ.
ಹಸಿವಾಗಿತ್ತು. ಹೇಳಲಿಕ್ಕೆ ನಾಚಿಕೆಯಿಲ್ಲ.

ಎಚ್ಚರವಾದವರು ಮೊದಲು ಹೇಳಿದ್ದು:
'ಪಂಪು ಆಫ್ ಮಾಡಿದರು.'

ಈಗ ಕಣ್ಣು ಒಳಗೆ ಹೋಗಿದೆ, ಓರೆ ಉಳಿದಿದೆ.
ಹೊಳೆ ಎರಡಾಗಿ ಕಾಣುತ್ತದಂತೆ.
'ಯಾವುದಕ್ಕೆ ಕಟ್ಟ ಹಾಕುವುದು?' ಅಂತ ನಗುತ್ತಾರೆ.
ರಕ್ತ ತೆಳುವಾಗುವ ಮಾತ್ರೆ ಒಂದು ದಿನವೂ ತಪ್ಪಬಾರದು,
ಕತ್ತಿ ಮುಟ್ಟಲು ನಾನು ಬಿಡುವುದಿಲ್ಲ.

ರಾತ್ರಿ ಕಣತಲೆಗೆ ಕಿವಿಯಿಡುತ್ತೇನೆ. ಏನೂ ಇಲ್ಲ.
ಏನೂ ಇಲ್ಲದ್ದನ್ನು ಕೇಳಲು ಇನ್ನೊಮ್ಮೆ.
'ನಿದ್ದೆ ಮಾಡು ಮಾರಾಯ್ತಿ' ಅನ್ನುತ್ತಾರೆ.

ಏಳನೆಯ ಕಿಂಡಿಯನ್ನು ಆ ವರ್ಷ ಯಾರೂ ಮುಚ್ಚಲಿಲ್ಲ.
ನಮ್ಮ ಬಾವಿನೀರಿನ ಗಂಜಿಗೆ ಈಗ ಉಪ್ಪು ಬೇಡ.
'ಇನ್ನೆರಡು ಮಳೆಗಾಲ ಬೇಕು' ಅನ್ನುತ್ತಾರೆ ಇವರು,
ಕೊಡದೊಳಗೆ ಬೆರಳದ್ದಿ, ನೆಕ್ಕಿ ನೋಡಿ.